ಗಡಿ ಕಟ್ಟಿದ ಊರು: ಬೈಲಹೊಂಗಲ ಸೀಮೆಯ ಮತಕ್ಷೇತ್ರ ಮತ್ತು ವಾರ್ಡುಗಳ ಎಲ್ಲೆಗಳ ಚರಿತ್ರೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ ಉಪವಿಭಾಗದಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಇಂದು ನಾಲ್ಕು ವಿಧಾನಸಭಾ ಕ್ಷೇತ್ರಗಳ ಹೆಸರುಗಳೂ ಹೌದು, ನಾಲ್ಕು ತಾಲ್ಲೂಕುಗಳ ಹೆಸರುಗಳೂ ಹೌದು. ಹೆಸರುಗಳು ಹೀಗೆ ಹೊಂದುವುದರಿಂದ ಮೊದಲು ಊರು ಇತ್ತು, ಆಮೇಲೆ ತಾಲ್ಲೂಕಾಯಿತು, ಕೊನೆಗೆ ಅದಕ್ಕೆ ತಕ್ಕಂತೆ ಮತಕ್ಷೇತ್ರದ ಗೆರೆ ಬಿತ್ತು ಎಂಬ ಭಾವನೆ ಸಹಜವಾಗಿ ಮೂಡುತ್ತದೆ. ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಈ ಸೀಮೆಯಲ್ಲಿ ಚುನಾವಣೆಯ ಗಡಿ ಆಡಳಿತದ ಗಡಿಯನ್ನು ಹಿಂಬಾಲಿಸಿದಷ್ಟೇ ಸಲ ಅದಕ್ಕಿಂತ ಮುಂದೆಯೂ ನಡೆದಿದೆ; ಕೆಲವು ಊರುಗಳಿಗೆ ಸ್ಥಾನ ತಂದುಕೊಟ್ಟಿದೆ, ಕೆಲವನ್ನು ಪಟ್ಟಿಯಿಂದ ಅಳಿಸಿದೆ. ಜನಸಂಖ್ಯೆಯನ್ನು ಸಮನಾಗಿ ಹಂಚುವ ಲೆಕ್ಕಾಚಾರವೆಂದಷ್ಟೇ ಅದನ್ನು ಕಂಡರೆ ಈ ಕೆಲಸ ನಮ್ಮ ಕಣ್ಣಿಗೆ ಬೀಳುವುದಿಲ್ಲ. ವಿಧಾನಸಭೆಯ ಮಟ್ಟದಲ್ಲಿ ಕಾಣುವ ಈ ಮಾತು ಪುರಸಭೆಯ ವಾರ್ಡಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ ಎಂಬುದು ಈ ಲೇಖನದ ವಾದ.

ನಾಲ್ಕೂ ಊರುಗಳು ಒಂದೇ ಆಳ್ವಿಕೆಯ ಕೆಳಗೆ ಬೆಳೆದವಲ್ಲ. ಕಿತ್ತೂರು ದೇಸಗತಿಯ ರಾಜಧಾನಿ. 1824ರ ಯುದ್ಧದ ನಂತರ ಅದು ಕಂಪನಿ ಸರ್ಕಾರದ ವಶವಾಯಿತು. ರಾಣಿ ಚೆನ್ನಮ್ಮ 1829ರಲ್ಲಿ ಸೆರೆಯಲ್ಲಿಯೇ ತೀರಿಕೊಂಡದ್ದು ಬೈಲಹೊಂಗಲದಲ್ಲಿ. ಅವರ ಸಮಾಧಿಯೂ ಅಲ್ಲಿಯೇ ಇದೆ. ಮುಂದೆ ಮುಂಬಯಿ ಪ್ರಾಂತ್ಯದ ಕಂದಾಯ ವ್ಯವಸ್ಥೆಯಲ್ಲಿ ಈ ಎರಡೂ ಊರುಗಳು ಸಂಪಗಾಂವ ತಾಲ್ಲೂಕಿನೊಳಗೆ ಬಂದವು. ಸವದತ್ತಿ ಇದ್ದ ತಾಲ್ಲೂಕಿಗೆ ಊರಿನ ಹೆಸರು ಇರಲಿಲ್ಲ; ಸಮೀಪದ ಗುಡ್ಡದ ಕೋಟೆಯಿಂದ ಬಂದ ಪರಸಗಡ ಎಂಬ ಹೆಸರಿತ್ತು. ರಾಮದುರ್ಗವಂತೂ ಭಾವೆ ಮನೆತನದ ಸಂಸ್ಥಾನ. ಮುಂಬಯಿ ಪ್ರಾಂತ್ಯದಲ್ಲಿ 1937ರ ಚುನಾವಣೆ ನಡೆದಾಗ ನೆರೆಯ ಪರಸಗಡದಲ್ಲಿ ಮತಹಕ್ಕು ಪಡೆದವರು ಮತ ಹಾಕಿದರು, ರಾಮದುರ್ಗದ ಪ್ರಜೆಗಳಿಗೆ ಆ ಚುನಾವಣೆಯಲ್ಲಿ ಪಾಲಿರಲಿಲ್ಲ. ಜವಾಬ್ದಾರಿ ಸರ್ಕಾರದ ಬೇಡಿಕೆ ಅಲ್ಲಿ ಚಳವಳಿಯ ರೂಪ ತಾಳಿ 1939ರ ಏಪ್ರಿಲ್‌ನಲ್ಲಿ ಜೀವಹಾನಿಯಲ್ಲಿ ಕೊನೆಗೊಂಡಿತು. 1948ರ ಮಾರ್ಚ್ 8ರಂದು ದಕ್ಷಿಣ ಮರಾಠಾ ಸೀಮೆಯ ಉಳಿದ ಸಂಸ್ಥಾನಗಳ ಜೊತೆ ರಾಮದುರ್ಗವೂ ಮುಂಬಯಿಯಲ್ಲಿ ವಿಲೀನವಾಯಿತು. ಎರಡು ಊರುಗಳ ನಡುವಿನ ಗೆರೆ ಇಲ್ಲಿ ಮತಹಕ್ಕು ಇದ್ದವರನ್ನೂ ಇಲ್ಲದವರನ್ನೂ ಬೇರ್ಪಡಿಸಿದ ಗೆರೆಯಾಗಿತ್ತು. ಅದನ್ನು ಬರೀ ಕಂದಾಯದ ಲೆಕ್ಕವೆನ್ನಲಾಗದು.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಏಕೀಕೃತ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷದ ವಿಧಾನಸಭಾ ಚುನಾವಣೆಯಲ್ಲಿ ಈ ಸೀಮೆಯ ಕ್ಷೇತ್ರಗಳು ಸಂಪಗಾಂವ 1, ಸಂಪಗಾಂವ 2, ಪರಸಗಡ, ರಾಮದುರ್ಗ ಎಂದಿದ್ದವು. ಕಂದಾಯ ದಫ್ತರದ ಹೆಸರುಗಳು ಹಾಗೆಯೇ ಮತಪತ್ರಕ್ಕೆ ಇಳಿದಿದ್ದವು. 1976ರ ಪುನರ್ವಿಂಗಡಣೆಯ ಆದೇಶದೊಂದಿಗೆ 1978ರ ಚುನಾವಣೆಯ ವೇಳೆಗೆ ಸಂಪಗಾಂವದ ಹೆಸರು ಪಟ್ಟಿಯಲ್ಲಿ ಉಳಿಯಲಿಲ್ಲ. ಬೈಲಹೊಂಗಲ, ಕಿತ್ತೂರು ಎಂಬ ಎರಡು ಹೆಸರುಗಳು ನಿಂತವು. ಆ ಎಲ್ಲೆಗಳು ಸುಮಾರು ಮೂರು ದಶಕ, ಅಂದರೆ 2004ರ ಚುನಾವಣೆಯವರೆಗೆ ಕದಲಲಿಲ್ಲ. 2002ರ ಕಾಯ್ದೆಯಡಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿಯ ಮೇಲೆ ಹೊಸ ಗೆರೆ ಎಳೆಯಿತು. 2008ರ ಚುನಾವಣೆಗೆ ಅದು ಜಾರಿಯಾದಾಗ ಪರಸಗಡವೂ ಮರೆಯಾಗಿ ಸವದತ್ತಿ ಯಲ್ಲಮ್ಮ ಎಂಬ ಹೆಸರು ಬಂತು. ಜನಗಣತಿ ಈ ಪಟ್ಟಣವನ್ನು ಅದಕ್ಕೆ ಮೊದಲೇ ಸವದತ್ತಿ-ಯಲ್ಲಮ್ಮ ಎಂದು ದಾಖಲಿಸಿತ್ತು. ಪೇಟೆಯ ಊರನ್ನೂ ಯಾತ್ರೆಯ ಗುಡ್ಡವನ್ನೂ ಒಂದೇ ಹೆಸರಿನಲ್ಲಿ ಹಿಡಿದಿದ್ದ ಆ ಜೋಡಿ ಹೀಗೆ ಕ್ಷೇತ್ರದ ಹೆಸರೂ ಆಯಿತು.

ಇಲ್ಲಿ ಮುಖ್ಯವಾದ ಸಾಕ್ಷ್ಯ ಕಿತ್ತೂರಿನದು. ಕಿತ್ತೂರು ಹೆಸರಿನ ವಿಧಾನಸಭಾ ಕ್ಷೇತ್ರ 1970ರ ದಶಕದಲ್ಲಿಯೇ ಇತ್ತು. ಕಿತ್ತೂರು ತಾಲ್ಲೂಕಾದದ್ದು 2010ರ ದಶಕದಲ್ಲಿ. ಅಲ್ಲಿಯವರೆಗೆ ತಮ್ಮದೇ ಹೆಸರಿನ ಕ್ಷೇತ್ರದಿಂದ ಶಾಸಕರನ್ನು ಆರಿಸುತ್ತಿದ್ದ ಊರಿನವರು ತಾಲ್ಲೂಕು ಮಟ್ಟದ ಕೆಲಸಗಳಿಗೆ ಬೈಲಹೊಂಗಲದ ಕಚೇರಿಯನ್ನೇ ನೆಚ್ಚಬೇಕಿತ್ತು. ತಾಲ್ಲೂಕು ಸ್ಥಾನ ಒಲಿದದ್ದು ಚೆನ್ನಮ್ಮನ ಕೀರ್ತಿಯಿಂದ, ಕ್ಷೇತ್ರದಿಂದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಕೀರ್ತಿಯ ಪಾತ್ರವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಆ ಕೀರ್ತಿ ಸುಮಾರು ಎರಡು ಶತಮಾನದ್ದು. ಅಷ್ಟು ಕಾಲ ಅದೊಂದೇ ತಾಲ್ಲೂಕನ್ನು ತಂದುಕೊಡಲಿಲ್ಲ. ಜಿಲ್ಲೆಯ ಉಳಿದ ಊರುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಅದೇ ದಶಕದಲ್ಲಿ ತಾಲ್ಲೂಕುಗಳಾದ ನಿಪ್ಪಾಣಿ ಮತ್ತು ಕಾಗವಾಡ ಎರಡೂ ಅದಕ್ಕೆ ಬಹಳ ಮೊದಲೇ ಮತಕ್ಷೇತ್ರಗಳಾಗಿದ್ದವು. ಮೂಡಲಗಿ ಮತ್ತು ಆಮೇಲೆ ಬಂದ ಯರಗಟ್ಟಿ ಈ ಮಾದರಿಗೆ ಒಗ್ಗುವುದಿಲ್ಲ ಎಂಬುದು ನಿಜ; ಆದ್ದರಿಂದ ಕ್ಷೇತ್ರವೊಂದೇ ಕಾರಣವೆಂದು ಹೇಳುವುದು ಅತಿಯಾದೀತು. ಆದರೂ ಒಂದು ಊರಿನ ಹೆಸರು ಸದನದಲ್ಲಿ ದಶಕಗಳ ಕಾಲ ಉಚ್ಚಾರವಾದಾಗ ಆ ಊರಿನ ಬೇಡಿಕೆಗೆ ಒಂದು ದಾರಿ ಸಿಗುತ್ತದೆ ಎಂಬ ಅನುಮಾನಕ್ಕೆ ಐದರಲ್ಲಿ ಮೂರು ನಿದರ್ಶನಗಳ ಬೆಂಬಲವಿದೆ. ಸಂಪಗಾಂವ ಇದರ ಇನ್ನೊಂದು ಮುಖ. ತಾಲ್ಲೂಕಿನ ಹೆಸರೂ ಕ್ಷೇತ್ರದ ಹೆಸರೂ ಆಗಿದ್ದ ಆ ಊರು ಎರಡನ್ನೂ ಕಳೆದುಕೊಂಡು ಇಂದು ಬೈಲಹೊಂಗಲ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದಾಗಿದೆ.

ಗಡಿ ಊರನ್ನು ಕಟ್ಟುತ್ತದೆ ಎಂದಾದರೆ ಅದು ಊರನ್ನು ಸೀಳಲೂಬಲ್ಲದು. ನೇಸರಗಿ ಬೈಲಹೊಂಗಲ ತಾಲ್ಲೂಕಿನದು, ಆದರೆ ಅದರ ಶಾಸಕರು ಕಿತ್ತೂರು ಕ್ಷೇತ್ರದವರು. ಮುರಗೋಡ ಹಳೆಯ ಸವದತ್ತಿ ತಾಲ್ಲೂಕಿನದು, ಮತ ಬೀಳುವುದು ಬೈಲಹೊಂಗಲ ಕ್ಷೇತ್ರಕ್ಕೆ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿದ್ದರೆ ಕಿತ್ತೂರು, ಖಾನಾಪುರದ ಜೊತೆ, ಕಾರವಾರ, ಭಟ್ಕಳಗಳಿರುವ ಉತ್ತರ ಕನ್ನಡ ಕ್ಷೇತ್ರದಲ್ಲಿದೆ. ನೇಸರಗಿಯ ರೈತನಿಗೆ ತಹಶೀಲ್ದಾರರು ಒಂದು ದಿಕ್ಕಿನಲ್ಲಿ, ಶಾಸಕರು ಇನ್ನೊಂದು ದಿಕ್ಕಿನಲ್ಲಿ. ಸಂಸದರಂತೂ ಕಡಲ ತೀರದ ಮೀನುಗಾರರಿಗೂ ಮಲಪ್ರಭೆಯ ಬಯಲಿನ ಒಕ್ಕಲಿಗೂ ಒಟ್ಟಿಗೆ ಉತ್ತರ ಹೇಳಬೇಕಾದವರು. ಪ್ರತಿ ಮತಕ್ಕೂ ಸಮಾನ ತೂಕ ಬರಬೇಕಾದರೆ ಇಷ್ಟು ಅನಿವಾರ್ಯ ಎನ್ನುವ ವಾದ ಗಟ್ಟಿಯಾದುದು; ಸಮಾನ ಮತವೆಂಬುದು ಪ್ರಜಾಪ್ರಭುತ್ವದ ಅಡಿಗಲ್ಲು. ಆದರೆ 2002ರ ಕಾಯ್ದೆ ಸಂಖ್ಯೆಯೊಂದನ್ನೇ ನೋಡಲು ಹೇಳಿಲ್ಲ. ಕ್ಷೇತ್ರ ಒತ್ತಾಗಿರಬೇಕು, ಭೂಲಕ್ಷಣ, ಆಡಳಿತ ಘಟಕಗಳ ಗಡಿ, ಸಂಚಾರ ಸೌಕರ್ಯ, ಜನರ ಅನುಕೂಲ ಇವನ್ನು ಗಮನಿಸಬೇಕು ಎಂದು ಅದೇ ಹೇಳುತ್ತದೆ. ಹಳೆಯ ಗಡಿಗಳೇ ಸಹಜವಾಗಿದ್ದವು ಎಂದೂ ನಾನು ಹೇಳುತ್ತಿಲ್ಲ. ಸಂಸ್ಥಾನದ ಎಲ್ಲೆಯನ್ನು ಯಾವ ಪ್ರಜೆಯೂ ಕೇಳಿ ಪಡೆದದ್ದಲ್ಲ. ಹಿಂದಕ್ಕೆ ಹೋಗುವುದು ಪರಿಹಾರವಲ್ಲ. ಗೆರೆ ಎಳೆದವರು ಯಾವ ಅಂಶಕ್ಕೆ ಎಷ್ಟು ಬೆಲೆ ಕೊಟ್ಟರು ಎಂಬುದು ಮತದಾರನಿಗೆ ತಿಳಿಯಬೇಕು ಎಂಬುದಷ್ಟೇ ನನ್ನ ಮಾತು.

ಈ ಮಾತು ಪುರಸಭೆಗೆ ಬಂದಾಗ ಇನ್ನಷ್ಟು ತುರ್ತಿನದಾಗುತ್ತದೆ. 74ನೇ ಸಂವಿಧಾನ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ ವಾರ್ಡಿಗೆ ಸಂವಿಧಾನದಲ್ಲಿಯೇ ಸ್ಥಾನ ದೊರೆಯಿತು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಅದಕ್ಕೆ ತಕ್ಕಂತೆ ತಿದ್ದುಪಡಿಯಾಯಿತು. ವಾರ್ಡುಗಳ ಎಲ್ಲೆಯನ್ನೂ ಮೀಸಲಾತಿಯನ್ನೂ ನಿಗದಿಪಡಿಸುವುದು ಸರ್ಕಾರದ ಅಧಿಸೂಚನೆ. 2011ರ ಜನಗಣತಿಯಲ್ಲಿ ಬೈಲಹೊಂಗಲದ ಜನಸಂಖ್ಯೆ 49 ಸಾವಿರ ದಾಟಿತ್ತು, ಸವದತ್ತಿಯದು 41 ಸಾವಿರ. ಎರಡಕ್ಕೂ ಇರುವುದು ತಲಾ 27 ವಾರ್ಡುಗಳು. ಸರಾಸರಿಯಲ್ಲಿ ಬೈಲಹೊಂಗಲದ ಒಂದು ವಾರ್ಡಿಗೆ ಸುಮಾರು 1,800 ಜನ, ಸವದತ್ತಿಯಲ್ಲಿ ಸುಮಾರು 1,500 ಜನ. ಇಷ್ಟು ಚಿಕ್ಕ ಘಟಕದಲ್ಲಿ ಒಂದು ಓಣಿ ಈಚೆಯಿಂದ ಆಚೆ ಹೋದರೂ ಫಲಿತಾಂಶ ಬದಲಾಗಬಹುದು. ಅಧಿಸೂಚನೆಯಲ್ಲಿ ವಾರ್ಡನ್ನು ಗುರುತಿಸುವುದು ಹೊಲದ ಪತ್ರದ ಹಾಗೆ ಚಕ್ಕುಬಂದಿಯಿಂದ: ಪೂರ್ವಕ್ಕೆ ಇಂಥ ರಸ್ತೆ, ಪಶ್ಚಿಮಕ್ಕೆ ಇಂಥ ಹಳ್ಳ. ಹೊಲದ ಚಕ್ಕುಬಂದಿ ತಲೆಮಾರು ಕಾಲ ನಿಲ್ಲುತ್ತದೆ. ವಾರ್ಡಿನದು ಪುನರ್ವಿಂಗಡಣೆ ಆದಾಗಲೆಲ್ಲ ಬದಲಾಗುತ್ತದೆ. ಸಂಖ್ಯೆಯೂ ಬದಲಾದರೆ ಹಿಂದಿನ 7ನೇ ವಾರ್ಡಿಗೂ ಇಂದಿನ 7ನೇ ವಾರ್ಡಿಗೂ ಸಂಬಂಧವೇ ಉಳಿಯದಿರಬಹುದು. ಐದು ವರ್ಷದ ಹಿಂದೆ ಗಟಾರ ಕಟ್ಟಿಸುವ ಮಾತು ಕೊಟ್ಟ ಸದಸ್ಯರನ್ನು ಯಾವ ವಾರ್ಡಿನವರು ಪ್ರಶ್ನಿಸಬೇಕು?

ಎಲ್ಲೆ ಸ್ಥಿರವಾದರೆ ಅದು ಬಲಾಢ್ಯರ ಜಹಗೀರಾಗುತ್ತದೆ, ಬದಲಾವಣೆಯೇ ಅದಕ್ಕೆ ಮದ್ದು ಎಂಬ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಮಹಿಳೆಯರಿಗೂ ಪರಿಶಿಷ್ಟರಿಗೂ ಪುರಸಭೆಯ ಬಾಗಿಲು ತೆರೆದದ್ದು ಮೀಸಲಾತಿ, ಮತ್ತು ಆ ಅವಕಾಶ ಒಂದೆಡೆ ನಿಲ್ಲದೆ ಊರಿನ ಎಲ್ಲ ಭಾಗಗಳನ್ನು ಮುಟ್ಟಿದ್ದು ಸರದಿಯಿಂದ. ಆದರೆ ಮೀಸಲಾತಿಯ ಸರದಿ ಬೇರೆ, ನೆಲದ ಎಲ್ಲೆಯ ಬದಲಾವಣೆ ಬೇರೆ. ಎಲ್ಲೆ ನಿಂತರೂ ಸರದಿ ನಡೆಯಬಲ್ಲದು. ಎಲ್ಲೆ ನಿಂತಾಗಲೇ ಸರದಿ ನ್ಯಾಯವಾಗಿ ಸಾಗಿತೇ ಎಂದು ಎಣಿಸಿ ನೋಡಲು ಬರುತ್ತದೆ. ಪುನರ್ವಿಂಗಡಣೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದಕ್ಕೆ ಸಂವಿಧಾನದ 329 ಮತ್ತು 243 ಝಡ್‌ಜಿ ವಿಧಿಗಳು ಕಟ್ಟುನಿಟ್ಟಾದ ಮಿತಿ ಹಾಕಿವೆ. ಹಾಗಾಗಿ ಕರಡು ಪ್ರಕಟವಾಗಿ ಆಕ್ಷೇಪಣೆ ಕರೆಯುವ ದಿನಗಳೇ ನಾಗರಿಕನಿಗೆ ಸಿಗುವ ನಿಜವಾದ ಅವಕಾಶ. ಆ ದಿನಗಳಲ್ಲಿ ಅವನ ಕೈಗೆ ಚಕ್ಕುಬಂದಿಯ ಒಣ ಪಟ್ಟಿಯೊಂದೇ ಸಿಕ್ಕರೆ ಸಾಲದು. ನಕಾಶೆ ಬೇಕು, ಹಳೆಯ ವಾರ್ಡಿನ ಯಾವ ಓಣಿ ಹೊಸ ಯಾವ ವಾರ್ಡಿಗೆ ಸೇರಿತು ಎಂಬ ತಾಳೆಪಟ್ಟಿ ಬೇಕು, ಸಂಖ್ಯೆಯ ಜೊತೆಗೆ ಊರಿನವರ ಬಾಯಲ್ಲಿರುವ ಹೆಸರು ಬೇಕು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವಾರ್ಡುಗಳು 198ರಿಂದ 243ಕ್ಕೆ ಏರಿ 225ಕ್ಕೆ ಇಳಿದಾಗಲೂ ಅವುಗಳಿಗೆ ಹೆಸರಿದ್ದ ಕಾರಣ ಯಾವ ಬಡಾವಣೆ ಎಲ್ಲಿ ಹೋಯಿತೆಂದು ಜನ ಕೇಳಲು ಸಾಧ್ಯವಾಯಿತು. ಅದು ಪುರಸಭೆಗೂ ಆಗದ ಮಾತಲ್ಲ.

ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಅದರ ಅಂಕಿಗಳು ಬಂದ ಮೇಲೆ ಲೋಕಸಭೆಯಿಂದ ವಾರ್ಡಿನವರೆಗೆ ಎಲ್ಲ ಗೆರೆಗಳೂ ಮತ್ತೆ ಮೇಜಿನ ಮೇಲೆ ಬರಲಿವೆ. 1976ರಲ್ಲಿ ಪಟ್ಟಿಗೆ ಸೇರಿದ ಒಂದು ಹೆಸರು ಕಿತ್ತೂರಿನ ಮುಂದಿನ ದಾರಿಗೆ ನೆರವಾದರೆ, ಅದೇ ಪಟ್ಟಿಯಿಂದ ಬಿದ್ದ ಇನ್ನೊಂದು ಹೆಸರು ಹಿಂದೆ ಉಳಿಯಿತು. ಆಗ ಯಾವ ಕಾರಣಕ್ಕೆ ಹಾಗಾಯಿತೆಂದು ಸಂಪಗಾಂವದವರಿಗೆ ಯಾರಾದರೂ ವಿವರಿಸಬೇಕಿತ್ತು. ಈ ಸಲದ ಗೆರೆ ಬೀಳುವ ಮೊದಲೇ ಆ ವಿವರಣೆ ಪ್ರತಿ ಓಣಿಗೂ ತಲುಪಬೇಕು.