ದಾನದ ರಕ್ತಕಣಗಳು: ಔಷಧ ಸಂಶೋಧನೆಯಲ್ಲಿ ಬಳಕೆ

ದಾನಿಗಳ ರಕ್ತದಿಂದ ಬೇರ್ಪಡಿಸಿದ ಕಣಗಳನ್ನು ರೋಗಗಳ ಅಧ್ಯಯನಕ್ಕೂ ಹೊಸ ಔಷಧಗಳ ಪರೀಕ್ಷೆಗೂ ಬಳಸುವ ಪದ್ಧತಿ. ಸಂಶೋಧಕರಿಗೆ ಹೆಚ್ಚಾಗಿ ಬೇಕಾಗುವುದು ಬಿಳಿ ರಕ್ತಕಣಗಳಲ್ಲಿನ ಲಿಂಫೋಸೈಟ್ ಮತ್ತು ಮಾನೊಸೈಟ್. ಪ್ರಾಣಿಪ್ರಯೋಗದಲ್ಲಿ ಕಾಣದ ಕೆಲವು ಅಪಾಯಗಳು ಇವುಗಳಲ್ಲಿ ಕಾಣುತ್ತವೆ ಎಂಬುದೇ ಈ ಬಳಕೆಗಿರುವ ಮುಖ್ಯ ಸಮರ್ಥನೆ. ಆದರೆ ಅದು ದಾನಿಯ ಒಪ್ಪಿಗೆಗೆ ಬದಲಿಯಾಗಲಾರದು.

ಬೇರ್ಪಡಿಸುವ ವಿಧಾನ

1968ರಲ್ಲಿ ನಾರ್ವೆಯ ಆರ್ನೆ ಬೋಯುಮ್ ಪ್ರಕಟಿಸಿದ ಸಾಂದ್ರತೆ ಆಧಾರಿತ ವಿಧಾನವೇ ಇಂದಿಗೂ ಹೆಚ್ಚು ರೂಢಿಯಲ್ಲಿದೆ. ಮಿಲಿಲೀಟರಿಗೆ 1.077 ಗ್ರಾಂ ಸಾಂದ್ರತೆಯ ಫೈಕಾಲ್ ದ್ರಾವಣದ ಮೇಲೆ ತೆಳುಗೊಳಿಸಿದ ರಕ್ತವನ್ನು ಮೆಲ್ಲಗೆ ಸುರಿದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕೆಂಪು ರಕ್ತಕಣಗಳೂ ಗ್ರಾನ್ಯುಲೋಸೈಟ್ ಎಂಬ ಬಿಳಿ ಕಣಗಳೂ ತಳ ಸೇರುತ್ತವೆ. ಲಿಂಫೋಸೈಟ್, ಮಾನೊಸೈಟ್‌ಗಳು ಪ್ಲಾಸ್ಮಾ ಮತ್ತು ದ್ರಾವಣದ ನಡುವೆ ಬಿಳಿ ಪದರವಾಗಿ ನಿಲ್ಲುತ್ತವೆ. ಒಂದು ಮಿಲಿಲೀಟರ್ ರಕ್ತದಿಂದ ಸುಮಾರು 10 ಲಕ್ಷ ಕಣಗಳು ದೊರೆಯುತ್ತವೆ. ರಕ್ತ ಒಂದು ದಿನಕ್ಕಿಂತ ಹಳೆಯದಾದರೆ ಗ್ರಾನ್ಯುಲೋಸೈಟ್‌ಗಳ ಸಾಂದ್ರತೆ ಬದಲಾಗಿ ಅವೂ ಬಿಳಿ ಪದರದಲ್ಲಿ ಬೆರೆಯುತ್ತವೆ, ಫಲಿತಾಂಶ ಕೆಡುತ್ತದೆ. ಆದ್ದರಿಂದ ರಕ್ತದಾನ ಶಿಬಿರಕ್ಕೂ ಪ್ರಯೋಗಾಲಯಕ್ಕೂ ಇರುವ ದೂರ ಮುಖ್ಯ. ಉದಾಹರಣೆಗೆ, ಬೀದರ್ ಜಿಲ್ಲೆಯಲ್ಲಿ ರಾಷ್ಟ್ರೀಯ ಹೆದ್ದಾರಿ 65ರ ಮೇಲಿನ ಹುಮನಾಬಾದಿಗೂ ಅದರ ಸಮೀಪದ ಬಸವಕಲ್ಯಾಣಕ್ಕೂ ಬೆಂಗಳೂರಿಗಿಂತ ಹೈದರಾಬಾದ್ ಬಹಳ ಹತ್ತಿರ. ಇಲ್ಲಿನ ರಕ್ತ ಸಂಶೋಧನೆಗೆ ಒದಗಬೇಕಾದರೆ ಅದನ್ನು ಅದೇ ದಿನ ಹೈದರಾಬಾದಿಗೆ ಸಾಗಿಸಬೇಕು. ಇಲ್ಲವೇ ಬೀದರಿನಲ್ಲೇ ಕಣಗಳನ್ನು ಬೇರ್ಪಡಿಸಿ, ಶೈತ್ಯೀಕರಿಸಿ ದ್ರವ ಸಾರಜನಕದಲ್ಲಿ ಇರಿಸಬೇಕು.

ಮಹತ್ವ

2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಪ್ರತಿಕಾಯ ಔಷಧ ಪಡೆದ ಆರೂ ಆರೋಗ್ಯವಂತ ಸ್ವಯಂಸೇವಕರು ತೀವ್ರ ಅಸ್ವಸ್ಥರಾದರು. ಕೋತಿಗಳಿಗೆ ಸುರಕ್ಷಿತವೆನಿಸಿದ್ದ ಪ್ರಮಾಣದ 500ರಲ್ಲಿ ಒಂದು ಪಾಲನ್ನಷ್ಟೇ ಅವರಿಗೆ ಕೊಡಲಾಗಿತ್ತು. ಮಾನವ ರಕ್ತಕಣಗಳ ಮೇಲಿನ ಮೊದಲ ಪರೀಕ್ಷೆಗಳೂ ಎಚ್ಚರಿಕೆ ಕೊಟ್ಟಿರಲಿಲ್ಲ ಎಂಬ ಆಕ್ಷೇಪ ನಿಜ. ಆದರೆ ಔಷಧವನ್ನು ತಟ್ಟೆಯ ಮೇಲ್ಮೈಗೆ ಅಂಟಿಸಿ ಪರೀಕ್ಷಿಸಿದಾಗ ಅದೇ ಬಗೆಯ ಕಣಗಳು ಉರಿಯೂತ ಕೆರಳಿಸುವ ಸೈಟೊಕೈನ್‌ಗಳನ್ನು ಹೇರಳವಾಗಿ ಸ್ರವಿಸಿದವು. ಕೊರತೆ ಇದ್ದದ್ದು ಪರೀಕ್ಷೆಯ ವಿನ್ಯಾಸದಲ್ಲಿ, ಕಣಗಳಲ್ಲಲ್ಲ.

ಒಪ್ಪಿಗೆ

ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಂತೆ ಭಾರತದಲ್ಲಿ 1998ರ ಜನವರಿ 1ರಿಂದ ಹಣಕ್ಕೆ ರಕ್ತ ನೀಡುವುದು ನಿಷಿದ್ಧವಾಯಿತು. ಉಚಿತವಾಗಿ ರಕ್ತ ಕೊಡುವವರ ಮನಸ್ಸಿನಲ್ಲಿ ಇರುವುದು ರೋಗಿ, ಔಷಧ ಕಂಪನಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಜೈವಿಕ ಮಾದರಿಗಳ ಬಳಕೆಗೆ ತಿಳಿವಳಿಕೆಯುಳ್ಳ ಒಪ್ಪಿಗೆಯನ್ನು ಬಯಸುತ್ತದೆ. ಗುರುತು ಅಳಿಸಿದ ಮಾದರಿಗಳಿಗೆ ನೈತಿಕ ಸಮಿತಿ ವಿನಾಯಿತಿ ನೀಡಬಹುದು. ಪ್ರತ್ಯೇಕವಾಗಿ ಕೇಳಿದರೆ ದಾನಿಗಳು ಹಿಂಜರಿದಾರು ಎಂಬ ಆತಂಕವಿದೆ. ಆದರೆ ಸಂಶೋಧನೆಗೆ 350 ಮಿಲಿಲೀಟರಿನ ಇಡೀ ಚೀಲ ಬೇಕಿಲ್ಲ. ರೋಗಿಯ ಪಾಲನ್ನು ತೆಗೆದ ಮೇಲೆ ಶೋಧಕದಲ್ಲಿ ಉಳಿಯುವ ಬಿಳಿ ಕಣಗಳೂ ಸಾಕಾಗಬಹುದು. ಪರಿಚಯದ ಮೇಲೆ ನಡೆಯುವ ಸಣ್ಣ ಊರಿನ ಶಿಬಿರಗಳಿಗೆ ಕೇಳಿದ್ದರಿಂದ ಆಗುವ ನಷ್ಟಕ್ಕಿಂತ ಮುಚ್ಚಿಟ್ಟದ್ದು ಬಯಲಾದಾಗ ಆಗುವ ನಷ್ಟ ದೊಡ್ಡದು. ಆದ್ದರಿಂದ ಸಂಶೋಧನೆಗೆ ಬೇರೆಯೇ ಒಪ್ಪಿಗೆ ಪತ್ರವಿರಬೇಕು. ಬೀದರ್ ಜಿಲ್ಲೆಯಲ್ಲಿ ಅದು ಕನ್ನಡದ ಜೊತೆಗೆ ಉರ್ದು, ಮರಾಠಿಗಳಲ್ಲೂ ದೊರೆಯಬೇಕು.