ತುಕ್ಕಿನ ಕೆಳಗಿನ ಕಸುಬು

ಇಂಗ್ಲೆಂಡಿನ ಅಬಿಂಗ್‌ಡನ್‌ನಲ್ಲಿ 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಎಂಬ ಸ್ಪೋರ್ಟ್ಸ್ ಕಾರಿನ ಉಕ್ಕಿನ ಮೈಯೊಳಗೆ ಆಷ್ ಮರದ ಚೌಕಟ್ಟಿದೆ. ಮರದಲ್ಲಿ ತೇವ ನಿಂತರೆ ತಗಡು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಇಂಥ ಕಾರನ್ನು ಮತ್ತೆ ಓಡಿಸಬೇಕಾದರೆ ಉಜ್ಜಿ ಬಣ್ಣ ಬಳಿದರೆ ಸಾಲದು. ತಗಡು ಬಿಚ್ಚಿ, ಕೊಳೆತ ಮರದ ಬದಲು ಅದೇ ಅಳತೆಯ ಹೊಸ ತುಂಡು ಕೂಡಿಸಬೇಕು. ಅದಕ್ಕೆ ಕಮ್ಮಾರರೂ ಬೇಕು, ಬಡಿಗರೂ ಬೇಕು.

ಆಳಂದ, ಅಫಜಲಪುರ, ಜೇವರ್ಗಿಯ ವಿದ್ಯಾರ್ಥಿಗಳಿಗೆ ಈ ಜೋಡಿ ಹೊಸದಲ್ಲ. ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಹಿಗ್ಗಿಸಿ, ಎತ್ತಿನ ಬಂಡಿಯ ಮರದ ಗಾಲಿಗೆ ತೊಡಿಸಿ, ನೀರು ಸುರಿದು ಬಿಗಿಗೊಳಿಸಿದವರು ಇದೇ ಕಸುಬಿನವರು. ಟ್ರ್ಯಾಕ್ಟರ್, ರಬ್ಬರ್ ಗಾಲಿ ಬಂದ ಮೇಲೆ ಆ ಕೆಲಸ ಕಡಿಮೆಯಾಗಿದೆ. ಕೈಗೆಲಸ ಮರೆತುಹೋದರೆ ಹಳೆಯ ಬಂಡಿಯನ್ನಾಗಲಿ, ಕಾರನ್ನಾಗಲಿ ಸರಿಪಡಿಸುವವರು ಸಿಗುವುದಿಲ್ಲ. ನಿಮ್ಮೂರಿನ ಹಿರಿಯ ಬಡಿಗರನ್ನು ಕಂಡು, ಗಾಲಿಯ ಅಳತೆಗಳನ್ನು ಕೇಳಿ ಬರೆದಿಡಿ. ಅದೂ ಇತಿಹಾಸವೇ.