ಗೆರೆಯ ದುಡಿಮೆ

ಬರಿಯ ಗೆರೆ ಎಳೆದರೆ ಅದು ಚಿತ್ರವಾಗುತ್ತದೆಯೆ? ನಸ್ರೀನ್ ಮೊಹಮ್ಮದಿಯವರ ಚಿತ್ರಗಳ ಪುಸ್ತಕ ತೋರಿಸಿದಾಗಲೆಲ್ಲ ನನ್ನ ಗೆಳತಿಯರು ಕೇಳುವುದು ಇದನ್ನೇ. ಮರವಿಲ್ಲ, ಮನುಷ್ಯರಿಲ್ಲ, ಬಣ್ಣವೂ ಇಲ್ಲ. ಕಾಗದದ ಮೇಲೆ ಶಾಯಿಯ, ಪೆನ್ಸಿಲಿನ ಗೆರೆಗಳು, ಅಷ್ಟೆ.

ಹೀಗೆ ಕೇಳಲು ಸಂಕೋಚವೇನೂ ಬೇಡ. ದೊಡ್ಡವರೂ ಕೇಳಿದ್ದಾರೆ. 1965ರಲ್ಲಿ ಇಂಗ್ಲೆಂಡಿನ ತತ್ತ್ವಶಾಸ್ತ್ರಜ್ಞ ರಿಚರ್ಡ್ ವೋಲ್‌ಹೈಮ್ 'ಮಿನಿಮಲ್ ಆರ್ಟ್' ಎಂಬ ಲೇಖನ ಬರೆದರು. ಕೃತಿಯಲ್ಲಿ ಕಲಾವಿದನ ದುಡಿಮೆ ಕಾಣದಿದ್ದರೆ ಅದನ್ನು ಕಲೆಯೆಂದು ಒಪ್ಪಲು ನಮಗೆ ಕಷ್ಟವಾಗುತ್ತದೆ ಎಂಬುದು ಅವರ ವಿಚಾರದ ಒಂದು ಎಳೆ. ಆ ಹೆಸರು ಮುಂದೆ ನ್ಯೂಯಾರ್ಕಿನ ಕೆಲವು ಕಲಾವಿದರಿಗೆ ಅಂಟಿಕೊಂಡಿತು. ಅವರಲ್ಲೊಬ್ಬರಾದ ಕಾರ್ಲ್ ಆಂಡ್ರೆ 120 ಇಟ್ಟಿಗೆಗಳನ್ನು ಎರಡು ಪದರವಾಗಿ ನೆಲದ ಮೇಲೆ ಜೋಡಿಸಿದ್ದರು. ಲಂಡನ್ನಿನ ಟೇಟ್ ಗ್ಯಾಲರಿ 1972ರಲ್ಲಿ ಅದನ್ನು ಕೊಂಡಿತು. 1976ರಲ್ಲಿ ಜನರ ದುಡ್ಡು ಪೋಲಾಯಿತೆಂದು ಪತ್ರಿಕೆಗಳು ಬೊಬ್ಬೆ ಹಾಕಿದವು. ನೋಡಲು ಬಂದವನೊಬ್ಬ ಅದರ ಮೇಲೆ ನೀಲಿ ಬಣ್ಣ ಎರಚಿದ. ಇಟ್ಟಿಗೆಯ ಪರವಾಗಿ ನಾನೂ ಹೆಚ್ಚು ವಾದಿಸಲಾರೆ.

ಆದರೆ ನಸ್ರೀನರ ಗೆರೆಗಳನ್ನೂ ಇದೇ ಸಾಲಿಗೆ ಸೇರಿಸಿ, ಇಲ್ಲಿ ಕೆಲಸವೇ ಇಲ್ಲ ಎಂದರೆ ನನಗೆ ಒಪ್ಪಿಗೆಯಾಗುವುದಿಲ್ಲ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ಬೆಳೆದು, ಲಂಡನ್, ಪ್ಯಾರಿಸ್‌ಗಳಲ್ಲಿ ಕಲಿತು, 1972ರಿಂದ ಬರೋಡಾದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಅಲ್ಲಿ ಗುಲಾಂ ಮೊಹಮ್ಮದ್ ಶೇಖ್, ಭೂಪೇನ್ ಖಖ್ಖರ್ ಮೊದಲಾದವರು ಊರು, ಜನ, ಕಥೆಗಳನ್ನು ಚಿತ್ರಕ್ಕೆ ತರುತ್ತಿದ್ದ ಕಾಲದಲ್ಲಿ ಈಕೆ ನಕ್ಷೆ ಬರೆಯುವವರ ಸಲಕರಣೆಗಳನ್ನು ಹಿಡಿದು ಕುಳಿತರು. ಶಾಯಿಯ ಗೆರೆ ಎಳೆದು ನೋಡಿದವರಿಗೆ ಗೊತ್ತು: ಕೈ ಒಂದಿಷ್ಟು ತಡೆದರೆ ಶಾಯಿ ಹರಡುತ್ತದೆ, ಒರೆಸಿದರೆ ಹಾಳೆಯೇ ಹೋಯಿತು. ಅಂಥ ನೂರಾರು ಗೆರೆಗಳು, ಒಂದಕ್ಕಿಂತ ಒಂದು ತೆಳು. ಮೇಲಾಗಿ ಅವರಿಗೆ ನರಗಳ ಕಾಯಿಲೆ. ಕೈಕಾಲು ಕ್ರಮೇಣ ಹಿಡಿತ ತಪ್ಪುತ್ತಿದ್ದವು. ಆಗಲೂ ಗೆರೆ ಅಲುಗಲಿಲ್ಲ.

1990ರಲ್ಲಿ ಅವರು ತೀರಿಕೊಂಡರು. ದೊಡ್ಡ ಹೆಸರು ಬಂದದ್ದು ಆಮೇಲೆ. 2007ರಲ್ಲಿ ಜರ್ಮನಿಯ 'ಡಾಕ್ಯುಮೆಂಟಾ' ಪ್ರದರ್ಶನದಲ್ಲಿ, 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್‌ನಲ್ಲಿ ಜನ ಅವರ ಚಿತ್ರಗಳನ್ನು ನೋಡಿದರು. ವಿಮರ್ಶಕರು ಕೂಡಲೇ ಅಮೆರಿಕದ ಆಗ್ನೆಸ್ ಮಾರ್ಟಿನ್ ಜೊತೆ ಹೋಲಿಸಿದರು. ಹೋಲಿಕೆ ಸುಳ್ಳಲ್ಲ; ಆದರೆ ಹೆಣ್ಣೊಬ್ಬಳನ್ನು ಇಂಥವರ ಸೊಸೆ ಎಂದೇ ಗುರುತಿಸಿದ ಹಾಗೆ ಇದು. ತಮಾಷೆಯೆಂದರೆ, ಮಿನಿಮಲಿಸ್ಟ್ ಎಂಬ ಹಣೆಪಟ್ಟಿ ಆ ಮಾರ್ಟಿನ್‌ಗೂ ಬೇಡವಾಗಿತ್ತು.

ನಸ್ರೀನರ ಗೆರೆಗಳ ಬೇರನ್ನು ಅಷ್ಟು ದೂರ ಹುಡುಕಬೇಕಾಗಿಲ್ಲ. ಅವರು ಫೋಟೋ ತೆಗೆಯುತ್ತಿದ್ದರು: ಫತೇಪುರ ಸಿಕ್ರಿಯ ಕಲ್ಲುಹಾಸು, ಸಮುದ್ರದ ದಂಡೆ, ಮಗ್ಗದ ಮೇಲೆ ಬಿಗಿದ ಹಾಸುನೂಲು. ಇವನ್ನು ಬದುಕಿರುವಾಗ ಅವರು ಪ್ರದರ್ಶನಕ್ಕೆ ಇಡಲಿಲ್ಲ. ಆ ನೂಲಿನ ಫೋಟೋ ನೋಡಿದ ಮೇಲೆ ನನ್ನ ಗೆಳತಿಯೊಬ್ಬಳು ಚಿತ್ರಗಳ ಪುಟಕ್ಕೆ ಹಿಂದಿರುಗಿ, ಬೆರಳಿಟ್ಟು ಗೆರೆಗಳನ್ನು ಎಣಿಸತೊಡಗಿದಳು.